ಕೆರೆ ಓ ಅಂದರೆ ಹೆಸರು

ನನಗೊಂದು ಕೆಟ್ಟ ಚಾಳಿ ಇದೆ. ದೊಡ್ಡ ಖಾಲಿ ಜಾಗ ಕಂಡರೆ ಸಾಕು, ನನ್ನ ಹೆಸರನ್ನು ನಾನೇ ಗಟ್ಟಿಯಾಗಿ ಕೂಗಿ, ಉತ್ತರಕ್ಕೆ ಕಾಯುತ್ತ ನಿಂತುಬಿಡುತ್ತೇನೆ. ಸಾಮಾನು ತುಂಬದ ಹೊಸ ಮನೆಯಾಗಲಿ, ನೀರು ಬತ್ತಿದ ಬಾವಿಯಾಗಲಿ, ರೈಲು ಸೇತುವೆಯ ಕಮಾನಾಗಲಿ, ಹುಕ್ಕೇರಿಯ ಗುಮ್ಮಟವಾಗಲಿ, ನನಗೆ ಭೇದವಿಲ್ಲ. ಮೊನ್ನೆ ಮೊಮ್ಮಗಳ ಮದುವೆಗೆಂದು ಗೋಕಾಕದಲ್ಲಿ ಮಂಗಲ ಕಾರ್ಯಾಲಯ ನೋಡಲು ಹೋಗಿದ್ದೆವು. ಬೀಗರೂ ಜೊತೆಗಿದ್ದರು. ಊಟದ ಹಾಲ್ ಭಣಭಣ ಎನ್ನುತ್ತಿತ್ತು. ತಡೆಯಲಾಗಲಿಲ್ಲ, "ಸಂಗವ್ವಾ" ಎಂದು ಕೂಗಿಯೇಬಿಟ್ಟೆ.

ಬೀಗತಿ ಎದೆಯ ಮೇಲೆ ಕೈಯಿಟ್ಟುಕೊಂಡರು. "ಯವ್ವಾ, ಯಾರನ್ನ ಕರದ್ರಿ?"

"ನನ್ನನ್ನ."

"ನೀವು ಇಲ್ಲೇ ಅದೀರಲ್ರಿ!"

ಇಲ್ಲೇ ಇದ್ದೇನೆ ಎನ್ನುವುದು ನನಗೂ ಗೊತ್ತು. ಆದರೂ ಗೋಡೆ ಒಮ್ಮೆ ಹೇಳಲಿ ಎನ್ನಿಸುತ್ತದೆ. ಗೋಡೆ ಹೇಳಿತು. ಹೇಳಿದ ಮೇಲೂ ನಾನು ಕಿವಿಗೊಟ್ಟು ಇನ್ನಷ್ಟು ಹೊತ್ತು ನಿಂತೇ ಇದ್ದೆ. ಮಗಳು ನನ್ನ ರಟ್ಟೆ ಹಿಡಿದು ಹೊರಗೆ ಎಳೆದುಕೊಂಡು ಬಂದಳು. ಮದುವೆ ಮುರಿಯಲಿಲ್ಲ, ಬೀಗರು ಒಳ್ಳೆಯವರು.

ಈ ಚಾಳಿ ನನ್ನದಲ್ಲ, ನಮ್ಮೂರ ಕೆರೆಯದು. ಹುಕ್ಕೇರಿಗೂ ಘೋಡಗೇರಿಗೂ ನಡುವೆ, ಬಂಡಿ ದಾರಿಯಿಂದ ಒಳಗೆ ನಮ್ಮೂರು. ಊರಿನ ಹೆಸರು ಹೇಳುವುದಿಲ್ಲ. ಹೇಳಿದರೆ ನೀವು ಹೋಗಿ ನೋಡಿಕೊಂಡು ಬಂದು, "ಅಲ್ಲೇನೈತಿ ಮಣ್ಣು" ಎಂದು ನನ್ನನ್ನೇ ಸುಳ್ಳಿ ಮಾಡುತ್ತೀರಿ. ಆಗ ಇತ್ತು. ಸ್ವರಾಜ್ಯ ಬರಲು ಇನ್ನೂ ಹತ್ತು ಹನ್ನೆರಡು ವರ್ಷ ಇದ್ದ ಕಾಲ. ನಾನು ಪರಕಾರ ಉಟ್ಟುಕೊಂಡು ಕೆರೆ ಏರಿಯ ಮೇಲೆ ಓಡಾಡುತ್ತಿದ್ದ ಕಾಲ.

ಕೆರೆಯನ್ನು ಯಾವ ರಾಜ ಕಟ್ಟಿಸಿದನೋ ಯಾರಿಗೂ ಗೊತ್ತಿರಲಿಲ್ಲ. ಮೆಟ್ಟಿಲ ಬದಿಗೆ ಒಂದು ಕಲ್ಲು ಇತ್ತು. ಮೇಲೆ ಸೂರ್ಯ ಚಂದ್ರ, ಕೆಳಗೆ ಹಳೆಗಾಲದ ಅಕ್ಷರ. ಕೆರೆ ಕಟ್ಟಿಸಿದವರ ಹೆಸರು ಅದರಲ್ಲಿದೆ ಎಂದು ನಮ್ಮ ಮುತ್ಯಾ, ಅಂದರೆ ಅಪ್ಪನ ಅಪ್ಪ, ಕೈಮುಗಿಯುತ್ತಿದ್ದ. ಅದೇ ಕಲ್ಲಿನ ಮೇಲೆ ನಮ್ಮವ್ವ ಅರಬಿ ಒಗೆಯುತ್ತಿದ್ದಳು. "ಯಾರ ಹೆಸರರೆ ಇರಲಿ ಬಿಡ್ರಿ ಮಾವಾರ, ಮಣ್ಣು ಚಲೋ ಹೋಗತೈತಿ" ಎನ್ನುತ್ತಿದ್ದಳು. ಹೀಗೆ ಆ ಪುಣ್ಯಾತ್ಮನ ಹೆಸರು ವರ್ಷ ವರ್ಷವೂ ನಮ್ಮ ಸೀರೆ ಧೋತರಗಳಿಗೆ ಸವೆದು, ನನ್ನ ಕಾಲಕ್ಕೆ ಚಂದ್ರನೊಬ್ಬ ಉಳಿದಿದ್ದ.

ಮೆಟ್ಟಿಲಿಗೆ ಎದುರಾಗಿ, ಆಚೆ ದಂಡೆಯಲ್ಲಿ, ತೂಬಿನ ಕಲ್ಲುಗೋಡೆ. ಗದ್ದೆಗೆ ನೀರು ಬಿಡುವ ಬಾಗಿಲು ಅಲ್ಲಿತ್ತು. ಎರಡಾಳು ಎತ್ತರದ ಕರಿಗೋಡೆ, ಬೆಳಗಿನ ಹೊತ್ತಿನಲ್ಲೂ ಅದರ ಮುಖ ನೆರಳಿನಲ್ಲೇ ಇರುತ್ತಿತ್ತು. ಮೆಟ್ಟಿಲ ಮೇಲೆ ನಿಂತು ಕೂಗಿದರೆ ಕೂಗು ನೀರಿನ ಮೇಲೆ ಹೋಗಿ, ಆ ಗೋಡೆಯನ್ನು ಮುಟ್ಟಿ, ಸ್ವಲ್ಪ ಹೊತ್ತು ಅಲ್ಲಿಯೇ ಏನೋ ಯೋಚನೆ ಮಾಡಿ, ತಿರುಗಿ ಬರುತ್ತಿತ್ತು. ಆ 'ಸ್ವಲ್ಪ ಹೊತ್ತು' ಇದೆಯಲ್ಲ, ಅದರಲ್ಲಿ ಇಡೀ ಊರು ಉಸಿರು ಹಿಡಿಯುತ್ತಿತ್ತು.

ಯಾಕೆಂದರೆ ನಮ್ಮೂರಲ್ಲಿ ಕೂಸಿಗೆ ಹೆಸರಿಡುವವರು ನಾವಲ್ಲ, ಕೆರೆ. ತೊಟ್ಟಿಲಿಗೆ ಹಾಕಿದ ದಿನ ಹೆಸರು ಆರಿಸುತ್ತಿದ್ದರು, ಇಡುತ್ತಿರಲಿಲ್ಲ. ಬಾಣಂತಿ ಹೊರಬಂದು ಗಂಗಿಪೂಜೆಗೆ ಕೆರೆಗೆ ಹೋದ ದಿನ ಮನೆಯ ಹಿರಿಯ ಮೆಟ್ಟಿಲ ಮೇಲೆ ನಿಂತು ಆ ಹೆಸರನ್ನು ಕೂಗಬೇಕು. ಕೆರೆ ಅದನ್ನು ತಿರುಗಿ ಹೇಳಬೇಕು. ಹೇಳಿದರೆ "ಕೆರಿ ಓ ಅಂತು" ಎಂದು ಉಡಿ ತುಂಬುತ್ತಿದ್ದರು. ಅಲ್ಲಿಯ ತನಕ ಎಲ್ಲ ಕೂಸಿಗೂ ಒಂದೇ ಹೆಸರು, ಕೂಸು. ಲಿಂಗಾಯತರ ಮನೆಯಲ್ಲಷ್ಟೇ ಅಲ್ಲ, ಮೌಲಾಬಿಯ ಓಣಿಯವರೂ ಕೂಸಿನ ಕಿವಿಯಲ್ಲಿ ಬಾಂಗು ಹೇಳಿಸಿಕೊಂಡು ಆಮೇಲೆ ಕೆರೆಗೇ ಬರುತ್ತಿದ್ದರು. ಮೌಲಾಬಿ ಊರಿಗೆಲ್ಲ ಸೂಲಗಿತ್ತಿ. "ಅಲ್ಲಾ ಕೊಟ್ಟದ್ದನ್ನ ಕೆರಿಗೆ ತೋರಸೂದು ಬ್ಯಾಡೇನ್ರಿ?" ಎನ್ನುವಳು.

ನನ್ನ ಸರದಿ ಬಂದಾಗ ಮುತ್ಯಾನಿಗೆ ನೆಗಡಿ. "ಸಂಗ" ಎಂದು ಶುರು ಮಾಡುವಷ್ಟರಲ್ಲಿ ಕೆಮ್ಮು ಹತ್ತಿತಂತೆ. ಕೆರೆ ಪ್ರಾಮಾಣಿಕವಾಗಿ ಕೆಮ್ಮಿತಂತೆ. ಪೂಜೆ ಕೆಟ್ಟಿತು. ಮುಂದಿನ ಹುಣ್ಣಿವೆ ತನಕ ನನಗೆ ಹೆಸರೇ ಇಲ್ಲ. ಓಣಿಯ ಹುಡುಗರು ನನ್ನನ್ನು ಕೆಮ್ಮವ್ವ ಎಂದೇ ಕರೆದರು, ಕೆಲವರು ನನ್ನ ಮದುವೆಯಲ್ಲೂ ಕರೆದರು. ನಿಮಗೆ ನಗು ಬರುತ್ತದೆ. ನಮ್ಮವ್ವ ಆ ಹದಿನೈದು ದಿನ ನನ್ನನ್ನು ನೆಲಕ್ಕೆ ಇಳಿಸಿರಲಿಲ್ಲವಂತೆ. ಹೆಸರಿಲ್ಲದ ಕೂಸು ಇನ್ನೂ ಈ ಕಡೆಯದಲ್ಲ, ಆ ಕಡೆಯದು ಎನ್ನುವುದು ನಮ್ಮೂರ ನಂಬಿಕೆ.

ಕೆರೆಯ ನೇಮಗಳೂ ಹಾಗೇ ಇದ್ದವು. ದೀಪ ಹಚ್ಚುವ ಹೊತ್ತಾದ ಮೇಲೆ ಏರಿಯ ಮೇಲೆ ಯಾರನ್ನೂ ಹೆಸರು ಹಿಡಿದು ಕರೆಯುವ ಹಾಗಿರಲಿಲ್ಲ. ಕೆರೆ ಆ ಹೆಸರನ್ನು ಕಲಿತು, ಆಮೇಲೆ ತಾನಾಗಿ ಕರೆಯುತ್ತದೆ ಎಂಬ ಭಯ. ಅದಕ್ಕೇ ಸಂಜೆ ನೀರಿಗೆ ಹೋದ ಹೆಂಗಸರೆಲ್ಲ ಒಬ್ಬರನ್ನೊಬ್ಬರು "ಏಯ್" ಎಂದೇ ಕೂಗುವರು. ಒಬ್ಬಳು "ಏಯ್" ಎಂದರೆ ಎಲ್ಲರೂ ತಿರುಗುವರು, ಎಲ್ಲರ ಕೊಡವೂ ತುಳುಕುವುದು.

"ಕೆರ್ಯಾಗ ನಮ್ಮ ಹೆಸರೆಲ್ಲಾ ಅದಾವೇನೋ ಮುತ್ಯಾ?" ಎಂದು ಕೇಳಿದ್ದೆ.

"ಹೂಂ. ಎಲ್ಲಾರದೂ ಅದಾವ."

"ಸತ್ತವರದೂ?"

"ಸತ್ತವರು ಹೋಗತಾರ ಸಂಗೂ. ಹೆಸರ ಎಲ್ಲಿ ಹೋಗತಾವು?"

ಅದು ಬರೀ ಮಾತಲ್ಲ ಎನ್ನುವುದು ನನಗೆ ಗೊತ್ತಿತ್ತು. ನಮ್ಮಪ್ಪ ನಾನು ತೊಟ್ಟಿಲಲ್ಲಿದ್ದಾಗಲೇ ತೀರಿಕೊಂಡಿದ್ದ. ಅವ್ವ ಅವನ ಹೆಸರನ್ನು ಬಾಯಿಬಿಟ್ಟು ಹೇಳುವ ಹಾಗಿರಲಿಲ್ಲ, ಗಂಡನ ಹೆಸರು. ಒಗೆಯಲು ಹೋದಾಗ ಒಮ್ಮೊಮ್ಮೆ, ದಂಡೆಯಲ್ಲಿ ಯಾರೂ ಇಲ್ಲದ ಹೊತ್ತು ನೋಡಿ, "ಸಂಗೂ, ನಿಮ್ಮಪ್ಪನ ಹೆಸರ ಒಮ್ಮಿ ಅನ್ನ" ಎನ್ನುವಳು. ನಾನು ಕೂಗುತ್ತಿದ್ದೆ. ಗೋಡೆ ಅದನ್ನು ತಿರುಗಿ ಹೇಳುವಾಗ ಅದರಲ್ಲಿ ನನ್ನ ದನಿ ಇರುತ್ತಿರಲಿಲ್ಲ, ದಪ್ಪಗೆ ಕೇಳುತ್ತಿತ್ತು. ಅವ್ವ ಸೆರಗಿನಿಂದ ಮುಖ ಒರೆಸಿಕೊಂಡು, ಮತ್ತೆ ಅರಬಿಯನ್ನು ಕಲ್ಲಿಗೆ ಬಡಿಯಲು ಹತ್ತುವಳು. ನನಗೆ ಬೆನ್ನ ಮೇಲೆ ಮುಳ್ಳು ಏಳುತ್ತಿದ್ದವು, ಆದರೂ ಅವ್ವ ಕೇಳಿದಾಗ ಇಲ್ಲ ಎನ್ನುತ್ತಿರಲಿಲ್ಲ.

ಈಗ ನಮ್ಮ ವೈನಿಯ ಸುದ್ದಿಗೆ ಬರಬೇಕು. ವೈನಿ ಅಂದರೆ ನನ್ನ ಅಣ್ಣನ ಹೆಂಡತಿ, ಪಾರವ್ವ. ಅಣ್ಣ ಊರ ಸಾಲಿಯಲ್ಲಿ ಮಾಸ್ತರ. ವೈನಿ ಬೆಳಗಾವಿ ಕಡೆಯಿಂದ ಬಂದ ಹುಡುಗಿ, ನಗುವಾಗ ಬಾಯಿಗೆ ಸೆರಗು ಹಿಡಿಯುವುದು ಗೊತ್ತಿರಲಿಲ್ಲ, ಕೇಕೆ ಹಾಕಿ ನಗುವಳು. ಎರಡು ಕೂಸು ಹೋದ ಮೇಲೆ ಆ ನಗು ನಿಂತಿತು. ಎರಡೂ ಗಂಗಿಪೂಜೆಯ ಮೊದಲೇ ಹೋದವು. ಕೆರೆಗೆ ಅವುಗಳ ಹೆಸರು ಹೇಳುವ ದಿನವೇ ಬರಲಿಲ್ಲ. ಏರಿಯ ಹಿಂದೆ ಎಕ್ಕೆಗಿಡದ ಮಗ್ಗುಲಿಗೆ ಅವನ್ನು ಮಣ್ಣು ಮಾಡಿದರು. ವೈನಿ ನೀರಿಗೆ ಹೋಗುವಾಗ ಆ ಗಿಡದ ಹತ್ತಿರ ತುಸು ನಿಲ್ಲುವಳು. ಬೇರೆ ತಾಯಂದಿರು ಅಳುವಾಗ ಹೆಸರು ಹಿಡಿದು ಅಳುತ್ತಾರೆ. ಇವಳಿಗೆ ಹಿಡಿದುಕೊಳ್ಳಲು ಅದೂ ಇರಲಿಲ್ಲ.

ಎರಡನೆಯದು ಹೋದ ವರ್ಷ ವೈನಿ ತವರಿಗೆ ಹೋಗಿ ಬರುವಾಗ ತಾಮ್ರದ ಕೊಡದಲ್ಲಿ ಒಂದು ಗಿಡ ತಂದಳು. ಅಲ್ಲಿ ಯಾವುದೋ ಬಂಗಲೆಯ ತೋಟದ ಕೊಳದಲ್ಲಿ ತೇಲುತ್ತಿತ್ತಂತೆ. ಮಣ್ಣು ಬೇಡ, ನೀರಿನ ಮೇಲೆಯೇ ಬದುಕುವ ಗಿಡ. ಎಲೆಯ ತೊಟ್ಟು ಗಾಳಿ ತುಂಬಿದ ಹಾಗೆ ಉಬ್ಬಿತ್ತು. ಮೇಲೆ ತಿಳಿನೇರಳೆ ಹೂವಿನ ಗೊಂಚಲು, ಒಂದೊಂದು ಹೂವಿನ ಮೇಲಿನ ಎಸಳಿನಲ್ಲಿ ನವಿಲುಗರಿಯಲ್ಲಿರುವಂಥ ಹಳದಿ ಕಣ್ಣು. ಅಷ್ಟು ಚೆಂದದ ಹೂವನ್ನು ನಾವು ಯಾರೂ ನೋಡಿರಲಿಲ್ಲ. ಕೆರೆಗೆ ಹೂವು ಕೊಡುತ್ತೇವೆ, ಅದು ಒಂದು ದಿನಕ್ಕೆ ಕೊಳೆಯುತ್ತದೆ. ಕೊಳೆಯದ ಹೂವು ಕೊಟ್ಟರೆ ಕೆರೆಯ ತಾಯಿ ಗಂಗವ್ವ ಮುಂದೆ ಹುಟ್ಟುವ ಕೂಸನ್ನೂ ಬಾಡಲು ಬಿಡುವುದಿಲ್ಲ ಎನ್ನುವುದು ವೈನಿಯ ಲೆಕ್ಕ. ಮೆಟ್ಟಿಲಿಳಿದು, ಮೊಣಕಾಲು ನೀರಿನಲ್ಲಿ ನಿಂತು, ಹರಕೆ ಹೊತ್ತು ತೇಲಿಬಿಟ್ಟಳು. ನಾನು ಆರತಿ ಹಿಡಿದುಕೊಂಡಿದ್ದೆ. ಗಿಡ ಒಂದು ಸುತ್ತು ತಿರುಗಿ, ಯಾರೋ ಕೆಳಗಿನಿಂದ ಎಳೆದುಕೊಂಡ ಹಾಗೆ, ತೂಬಿನ ಗೋಡೆಯ ಕಡೆಗೆ ನೆಟ್ಟಗೆ ಹೋಯಿತು. ಅಂದು ಗಾಳಿ ಇರಲಿಲ್ಲ.

ಮುಂದಿನ ಮಳೆಗಾಲದ ಹೊತ್ತಿಗೆ ಒಂದು ಗಿಡ ಒಂದು ಮಡಿ ಆಗಿತ್ತು. ಅದೇ ಹೊತ್ತಿಗೆ ವೈನಿಗೂ ದಿನ ನಿಂತವು. ಇನ್ನೇನು ಬೇಕು? "ಗಂಗವ್ವ ಪಾರಿ ಹೂವು ಮುಡಕೊಂಡಾಳ" ಎಂದು ಊರೆಲ್ಲ ಹಿಗ್ಗಿತು. ಬಸಿರು ಬೇಕಾದವರು, ದನಕ್ಕೆ ಕಾಯಿಲೆಯಾದವರು, ಎಲ್ಲರೂ ಒಂದೊಂದು ಕುಡಿ ಮುರಿದು ಬೇರೆ ಬೇರೆ ಮೂಲೆಯಲ್ಲಿ ತೇಲಿಬಿಟ್ಟರು. ಎಮ್ಮೆ ಬಾಯಿ ಹಾಕಿದರೆ ಹೊಡೆದು ಓಡಿಸಿದರು, ಹರಕೆಯ ಹೂವಲ್ಲವೇ! ಈಗ ಅದಕ್ಕೆ ಅಂತರಗಂಗೆ ಎನ್ನುತ್ತಾರೆ, ಔಷಧ ಹೊಡೆಯುತ್ತಾರೆ. ನಾವು ಕುಂಕುಮ ಏರಿಸಿದೆವು.

ಆ ಹಸಿರು ನಡೆಯುತ್ತಿತ್ತು ಎಂದರೆ ನೀವು ನಂಬುವುದಿಲ್ಲ. ಬೆಳಿಗ್ಗೆ ನೋಡಿದರೆ ಗೋಡೆಯ ಬುಡದಲ್ಲಿ ಇರುತ್ತಿತ್ತು. ಸಂಜೆ ನೋಡಿದರೆ ನಮ್ಮ ಮೆಟ್ಟಿಲ ಬಳಿ ಬಂದು ನಿಂತಿರುತ್ತಿತ್ತು, ನೀರು ಕೇಳಲು ಬಂದವರ ಹಾಗೆ. ಗಾಳಿಯ ಆಟ ಎಂದು ಅಣ್ಣ ಹೇಳಿದ. ಇರಬಹುದು. ಆದರೆ ದಿನ ದಿನಕ್ಕೂ ಬರುವಾಗ ಹೆಚ್ಚು ಬರುತ್ತಿತ್ತು, ಹೋಗುವಾಗ ಕಡಿಮೆ ಹೋಗುತ್ತಿತ್ತು. ತಾವರೆ ಬಳ್ಳಿ ಅದರ ಅಡಿಗೆ ಸಿಕ್ಕು ಹೂ ಬಿಡುವುದನ್ನು ಬಿಟ್ಟಿತು. ಕಪ್ಪೆಗಳು ಒಂದು ಸಂಜೆ ಕೂಗಲಿಲ್ಲ, ಮರುದಿನವೂ ಕೂಗಲಿಲ್ಲ. ಚಳಿಗಾಲಕ್ಕೆ ಬರುವ ಬಾತುಗಳು ಎಂದಿನಂತೆ ಬಂದು, ಕೆರೆಯ ಮೇಲೆ ಸುತ್ತು ಹಾಕಿದವು. ನೀರು ಕಾಣಲಿಲ್ಲ. ಸುತ್ತಿ ಸುತ್ತಿ ಒದರಿ ಒದರಿ, ಘಟಪ್ರಭೆಯ ಕಡೆಗೆ ಹೋದವು. ಕೆಳಗೆ ನಿಂತು ನೋಡುತ್ತಿದ್ದ ನಮಗೆ ಯಾಕೋ ನಾಚಿಕೆಯಾಯಿತು.

ನಮ್ಮ ಓಣಿಯ ಕಲ್ಲಪ್ಪನ ಎಮ್ಮೆಯದೂ ಆಗಲೇ ಆದದ್ದು. ಹೊಸದಾಗಿ ಕಲ್ಲೋಳಿ ಸಂತೆಯಿಂದ ತಂದ ಎಮ್ಮೆ, ಅದಕ್ಕೆ ನಮ್ಮ ಕೆರೆ ಗೊತ್ತಿಲ್ಲ. ಏರಿಯಿಂದ ನೋಡಿದರೆ ಹಸಿರು ಹುಲ್ಲುಗಾವಲು, ಮೇಲೆ ನೇರಳೆ ಹೂವು. ಕೊರಳ ಗಂಟೆ ಆಡಿಸುತ್ತ ಇಳಿದು ನಡೆಯಿತು. ನಾಲ್ಕು ಹೆಜ್ಜೆ ಹಸಿರು ತಾಳಿಕೊಂಡಿತು. ಆಮೇಲೆ ಎಮ್ಮೆ ಇಲ್ಲ. ಹಸಿರು ಮತ್ತೆ ಕೂಡಿಕೊಂಡಿತು, ಹೂಗಳು ಅಲುಗಾಡಿ ನಿಂತವು, ಕೆಳಗೆಲ್ಲೋ ಗಂಟೆ ಇನ್ನೆರಡು ಸಲ ಡಣ್ ಎಂದ ಹಾಗಾಯಿತು. ಕಲ್ಲಪ್ಪ ದಂಡೆಯಲ್ಲಿ ನಿಂತು "ಚಂದ್ರೀ, ಚಂದ್ರೀ" ಎಂದು ಕತ್ತಲಾಗುವ ತನಕ ಕೂಗಿದ. ಗೋಡೆ ಅವನ ಕೂಗನ್ನು ತಿರುಗಿ ಹೇಳಲಿಲ್ಲ. ಎಮ್ಮೆಯ ದುಃಖದಲ್ಲಿ ಅದು ಯಾರ ಲಕ್ಷ್ಯಕ್ಕೂ ಬರಲಿಲ್ಲ.

ವೈನಿ ಹೆಣ್ಣು ಹಡೆದಳು. ಕೂಸು ಕೆಂಪಗೆ ದುಂಡಗೆ ಇತ್ತು. ಚನ್ನವ್ವ ಎಂಬ ಹೆಸರನ್ನು ಮುತ್ಯಾ ಆರಿಸಿದ. ಗಂಗಿಪೂಜೆಯ ದಿನ ವೈನಿ ಹಸಿರು ಸೀರೆ ಉಟ್ಟು, ಕೂಸನ್ನು ಕುಂಚಿಗೆಯಲ್ಲಿ ಸುತ್ತಿಕೊಂಡು ಹೊರಟಾಗ, ಎರಡು ವರ್ಷಕ್ಕೆ ಮೊದಲ ಸಲ ನಕ್ಕಳು.

ಮುತ್ಯಾ ಮೆಟ್ಟಿಲ ಮೇಲೆ ನಿಂತ. ಅವತ್ತು ಅವನಿಗೆ ನೆಗಡಿ ಇರಲಿಲ್ಲ. ಎದೆ ತುಂಬಿ ಕೂಗಿದ, "ಚನ್ನವ್ವಾ..."

ಕೂಗು ಹೋಯಿತು. ಹತ್ತಿಯ ಗಂಟಿನೊಳಗೆ ಕೈ ಹಾಕಿದ ಹಾಗೆ, ಹೋದದ್ದು ಹೋಯಿತು. ನಾವು ಕಾದೆವು. ಎದುರಿಗೆ ಅಷ್ಟೂ ಹೂಗಳು ಹಳದಿ ಕಣ್ಣು ಬಿಟ್ಟುಕೊಂಡು ನಮ್ಮನ್ನು ನೋಡುತ್ತಿದ್ದವು. ಮುತ್ಯಾ ಮತ್ತೆ ಕೂಗಿದ. ಇನ್ನೂ ಮುಂದೆ ಸರಿದು ಕೂಗಿದ. ಅಣ್ಣ ಕೂಗಿದ. ಅಷ್ಟರಲ್ಲಿ ಕೂಸು ಬೆಚ್ಚಿ ಕಿರಿಚಿ ಅತ್ತಿತು, ಆ ಅಳುವೂ ತಿರುಗಿ ಬರಲಿಲ್ಲ. ವೈನಿ ಸೆರಗನ್ನು ಎಳೆದು ಕೂಸಿನ ಮುಖ ಮುಚ್ಚಿಬಿಟ್ಟಳು, ಯಾರೋ ನೋಡಬಾರದವರು ನೋಡುತ್ತಿದ್ದಾರೆ ಎನ್ನುವಂತೆ. ಉಡಿ ತುಂಬಲು ಬಂದ ಹೆಂಗಸರು ಒಬ್ಬೊಬ್ಬರಾಗಿ ಹಿಂದೆ ಸರಿದರು. ಮನೆಯಲ್ಲಿ ಮಾಡಿಟ್ಟ ಹೋಳಿಗೆ ಹಾಗೇ ಉಳಿಯಿತು. ನಾನು ಒಂದು ಕದ್ದು ತಿಂದೆ.

ಅವ್ವ ಆ ಸಂಜೆ ನನ್ನನ್ನು ಕರೆದುಕೊಂಡು ಮತ್ತೆ ಕೆರೆಗೆ ಹೋದಳು. ಕೊಡ ಒಯ್ದಿರಲಿಲ್ಲ, ಅರಬಿಯೂ ಇಲ್ಲ. "ಅನ್ನ ಸಂಗೂ" ಎಂದಳು. ನಾನು ಅಪ್ಪನ ಹೆಸರನ್ನು ಕೂಗಿದೆ. ಅವ್ವ ಬಹಳ ಹೊತ್ತು ನಿಂತಳು. ಆಮೇಲೆ "ನಡಿ, ದೀಪ ಹಚ್ಚೂ ಹೊತ್ತಾತು" ಎಂದಳು.

ಅಣ್ಣ ತಿಳಿದವನು. ಅಂಗಳದಲ್ಲಿ ಕೂತು ತಿಳಿಸಿ ಹೇಳಿದ. "ದನಿ ಅನ್ನೂದು ಬಯಲು ನೀರಿನ ಮ್ಯಾಲ ಜಾರಿಕೊಂತ ಹೋಗತೈತಿ, ಗ್ವಾಡಿಗೆ ಬಡದು ಬರತೈತಿ. ಈಗ ಎದಿಮಟ ಗಿಡ ಬೆಳದಾವ, ದನಿ ಅಲ್ಲೇ ಹೂತು ಹೋಗಾಕತ್ತೈತಿ. ಇಷ್ಟ ಸಂಗತಿ. ಮನ್ಯಾಗ ಹೆಸರಿಟ್ಟರ ಆತು."

"ಅಂದ್ರ ಕೆರಿ ಬಾಯಿ ಮುಚ್ಚೈತಿ ಅಂದಂಗ ಆತಲ್ರಿ" ಎಂದಳು ವೈನಿ.

"ಹಂಗ ಅಂದ್ರ ಹಂಗ."

"ಯಾರ ಮುಚ್ಚಿದವರು? ನಾನಽ ಅಲ್ಲೇನ್ರಿ?"

ಅಣ್ಣ ಎದ್ದು ಒಳಗೆ ಹೋಗಿ ತೊಟ್ಟಿಲು ತೂಗಿದ.

ಕೂಸು ಕೂಸಾಗಿಯೇ ಉಳಿಯಿತು. ಕೆರೆ ಒಪ್ಪದ ಹೆಸರನ್ನು ವೈನಿ ಪಿಸುದನಿಯಲ್ಲೂ ಹೇಳಲಿಲ್ಲ. ತೊಟ್ಟಿಲು ತೂಗುತ್ತ ಜೋಗುಳ ಹಾಡುವಾಗ ಹೆಸರು ಬರಬೇಕಾದ ಜಾಗ ಬಂದರೆ ಹಾಡು ನಿಂತುಬಿಡುತ್ತಿತ್ತು. ತೊಟ್ಟಿಲ ಹಗ್ಗ ಮಾತ್ರ ಕಿರ್ ಕಿರ್ ಎನ್ನುವುದು. ಹಾಡು ಮುಂದಿನ ಸಾಲಿನಿಂದ ಮತ್ತೆ ಶುರುವಾಗುವುದು. ನಾನು ಒಳಮನೆಯಲ್ಲಿ ಕೂತು ಆ ಖಾಲಿ ಜಾಗ ಬರುವುದನ್ನೇ ಹೆದರಿಕೊಂಡು ಕಾಯುತ್ತಿದ್ದೆ. ಎರಡು ಕೂಸುಗಳಿಗೆ ಹಾಡಿದ ಜೋಗುಳವೂ ಅದೇ, ಖಾಲಿ ಜಾಗವೂ ಅದೇ.

ಆ ವರ್ಷ ಊರಲ್ಲಿ ಸೊಳ್ಳೆ ಅಂದರೆ ಸೊಳ್ಳೆ. ಕೆರೆಯ ನೀರು ಕಪ್ಪಗಾಗಿ ನಾರುತ್ತಿತ್ತು. ಮನೆಮನೆಗೂ ಚಳಿಜ್ವರ ಬಂತು. ನಮ್ಮ ಮನೆಗೆ ಬಂದದ್ದು ತೊಟ್ಟಿಲಿಗೇ ಬಂತು. ದಿನ ಬಿಟ್ಟು ದಿನ ಕೂಸು ನಡುಗುವುದು, ಕಾದ ಹೆಂಚಾಗುವುದು, ಆಮೇಲೆ ತೊಯ್ದ ಅರಬಿಯಂತೆ ಬೀಳುವುದು. ಅಣ್ಣ ಹುಕ್ಕೇರಿಯ ದವಾಖಾನೆಯಿಂದ ಕಹಿ ಔಷಧ ತಂದ. ಮೌಲಾಬಿ ಬಂದು, ಕೂಸಿನ ಕಣ್ಣ ಮುಂದೆ ಕೈ ಆಡಿಸಿ ನೋಡಿದಳು. ಕೂಸು ಕೈ ನೋಡಲಿಲ್ಲ. ಬಾಗಿಲ ಕಡೆ, ಏರಿಯ ಕಡೆ ನೋಡುತ್ತಿತ್ತು.

"ಪಾರವ್ವಾ, ಕೂಸಿನ ಗ್ಯಾನ ಆ ಕಡೆ ಹೊಂಟೈತಿ. ಹೆಸರ ಹಿಡದ ಕರಿ, ತಿರುಗಿ ನೋಡತೈತಿ."

"ಹೆಸರ ಇಲ್ಲಲ್ಲ ಮೌಲಾಬಿ!" ಎಂದು ವೈನಿ ಒದರಿದಳು. ಆ ದನಿ ಇವತ್ತಿಗೂ ನನ್ನ ಕಿವಿಯಲ್ಲಿದೆ.

ಮರುದಿನ ಬೆಳಕು ಹರಿಯುತ್ತಿದ್ದಂತೆ ವೈನಿ ಕೂಸನ್ನು ಎತ್ತಿಕೊಂಡು ಕೆರೆಗೆ ನಡೆದಳು. ನಾನೂ ಅವ್ವನೂ ಹಿಂದೆ ಓಡಿದೆವು. ಏನು ಮಾಡಿಕೊಳ್ಳುತ್ತಾಳೋ ಎಂದು ಅವ್ವನಿಗೆ ಜೀವ ಇರಲಿಲ್ಲ. ಮೆಟ್ಟಿಲಲ್ಲಿ ಕೂಸನ್ನು ನನ್ನ ತೊಡೆಯ ಮೇಲೆ ಹಾಕಿ, ಸೀರೆಯನ್ನು ಕಚ್ಚೆ ಕಟ್ಟಿ, ನೀರಿಗಿಳಿದಳು. ಎದೆಯ ತನಕ ಹಸಿರಿನೊಳಗೆ ಹೋಗಿ, ಎರಡೂ ಕೈಯಿಂದ ಒಂದು ಗಿಡ ಹಿಡಿದು ಕಿತ್ತಳು. ಮೇಲೆ ಅಷ್ಟು ಚೆಂದದ ಹೂವು, ಕೆಳಗೆ ಮೊಳದುದ್ದ ಕರಿಯ ಬೇರು, ಎಣ್ಣೆ ಕಾಣದ ಕೂದಲಿನ ಹಾಗೆ ಜೋಲುತ್ತಿತ್ತು. ನೀರಿನಿಂದ ಯಾರದೋ ತಲೆಯನ್ನೇ ಎತ್ತಿದಳೇನೋ ಎಂದು ನಾನು ಕಣ್ಣು ಮುಚ್ಚಿಕೊಂಡೆ.

"ಏ ಪಾರಿ! ಹರಕಿ ಹೂವು ಕೀಳಬ್ಯಾಡ! ಕೊಟ್ಟದ್ದನ್ನ ತಿರುಗಿ ಕಸಗೋತಿ ಏನ ಗಂಗವ್ವನ ಕಡಿಂದ?" ಎಂದು ಅವ್ವ ಒದರಿದಳು.

ವೈನಿ ತಿರುಗಿದಳು. ಕೈಯಲ್ಲಿ ಗಿಡ ನೀರು ಸುರಿಸುತ್ತಿತ್ತು.

"ಹೂವಲ್ರಿ ಅತ್ತಿ ಇದು. ಅಕಿ ಬಾಯಾಗ ನಾ ತುರುಕಿದ ಅರಬಿ. ಅಕಿಗೆ ಉಸರಾಡಾಕ ಬರವಲ್ದು, ಕರ್ಯಾಕ ಬರವಲ್ದು. ನನ್ನ ಕೂಸಿನ್ನ ಹೆಂಗ ಕರೀಬೇಕು ಅಕಿ? ನಿಮ್ಮ ಮನಿಯವರ ಹೆಸರ ಕೇಳಿ ಎಷ್ಟ ದಿನಾ ಆತ್ರಿ?"

ಅವ್ವ ಅಲ್ಲಿಯೇ ನಿಂತುಬಿಟ್ಟಳು. ತಾನು ಯಾರೂ ಇಲ್ಲದ ಹೊತ್ತು ನೋಡಿ ನನ್ನಿಂದ ಕೂಗಿಸುತ್ತಿದ್ದದ್ದು ವೈನಿಗೆ ಗೊತ್ತಿತ್ತು ಎನ್ನುವುದು ಅವಳಿಗೆ ಅಂದೇ ಗೊತ್ತಾಯಿತು. ಸೀರೆ ಎತ್ತಿ ಕಟ್ಟಿದಳು, ಇಳಿದಳು. ಅರಬಿ ಒಗೆದು ಗಟ್ಟಿಯಾದ ಕೈ. ಹಿಡಿದ ಹಿಡಿತಕ್ಕೆ ಒಂದೊಂದು ಬುಟ್ಟಿಯಷ್ಟು ಕಿತ್ತು ದಂಡೆಗೆ ಎಸೆಯುತ್ತಿದ್ದಳು.

ಹೊತ್ತೇರುವುದರೊಳಗೆ ಊರು ನೆರೆಯಿತು. ಮೊದಲು ಶಾಪ ಹಾಕಿದವರೇ ಆಮೇಲೆ ಇಳಿದರು. ಅವರವರ ಮನೆಯಲ್ಲೂ ಒಂದೊಂದು ಜ್ವರ ಮಲಗಿತ್ತಲ್ಲ. ಅಣ್ಣ ಬಂಡಿ ಹಗ್ಗ ತಂದ, ಗಂಡಸರು ಹಸಿರನ್ನು ಚಾಪೆಯ ಹಾಗೆ ಸುತ್ತಿ ಎಳೆದರು. ಮೌಲಾಬಿಯ ಓಣಿಯವರು ಬುಟ್ಟಿ ಹೊತ್ತರು. ಒಂದು ದಿನದ ಕೆಲಸವಲ್ಲ ಅದು. ದಂಡೆಯ ಮೇಲೆ ಬಣವೆ ಬಣವೆ ಬಿದ್ದವು, ಅದರೊಳಗೆ ಸಣ್ಣ ಮೀನು ಬಸವನಹುಳ ಮಿಡುಕುತ್ತಿದ್ದವು. ಹಸಿರು ಸರಿದಲ್ಲಿ ಕಪ್ಪು ನೀರು ಗುಳುಗುಳು ಎಂದು ಗುಳ್ಳೆ ಬಿಡುತ್ತಿತ್ತು, ಬಹಳ ದಿನ ಮುಚ್ಚಿಟ್ಟ ಮಾತೆಲ್ಲ ಒಮ್ಮೆಲೇ ಹೇಳಲು ಹೊರಟವರ ಹಾಗೆ. ಒಂದು ಕಡೆ ಬೇರಿನ ಗಂಟಿನಲ್ಲಿ ಕಲ್ಲಪ್ಪನ ಎಮ್ಮೆಯ ಗಂಟೆ ಸಿಕ್ಕಿತು. ಗಂಟೆ ಮಾತ್ರ. ಕಲ್ಲಪ್ಪ ಅದನ್ನು ಕಿವಿಯ ಹತ್ತಿರ ಹಿಡಿದು ಆಡಿಸಿ ನೋಡಿದ. ಯಾರೂ ನಗಲಿಲ್ಲ.

ಇಡೀ ಕೆರೆ ಬರಿದು ಮಾಡುವುದು ಆಗುವ ಮಾತಲ್ಲ. ಮೆಟ್ಟಿಲಿನಿಂದ ತೂಬಿನ ಗೋಡೆಯ ತನಕ ಒಂದು ದಾರಿ ಮಾಡಿದರು, ಎರಡು ಬಂಡಿ ಎದುರುಬದುರು ಹೋಗುವಷ್ಟು ಅಗಲದ ನೀರಿನ ದಾರಿ. ಅದು ಗೋಡೆಯನ್ನು ಮುಟ್ಟಿದ ಮರುದಿನ ಬೆಳಿಗ್ಗೆ ಎಲ್ಲರೂ ಮೆಟ್ಟಿಲಿಗೆ ಬಂದೆವು. ಕೂಸಿಗೆ ಅದು ನಡುಕ ಬರುವ ದಿನ, ತುಟಿ ಆಗಲೇ ನೀಲಿಗಟ್ಟುತ್ತಿತ್ತು. ಮಂಜು ನೀರಿನ ಮೇಲೆ ತೆಳ್ಳಗೆ ಕೂತಿತ್ತು. ಆಚೆ ಗೋಡೆ ಬಹಳ ದಿನದ ಮೇಲೆ ತನ್ನ ನೆರಳನ್ನು ನೀರಿನಲ್ಲಿ ನೋಡಿಕೊಳ್ಳುತ್ತಿತ್ತು.

ಮುತ್ಯಾ ಮುಂದೆ ಹೋದವನು ಹಿಂದೆ ಸರಿದ. "ನನ್ನ ದನಿ ಮುದುಕಾತು. ಹಡದಾಕಿನಽ ಕರೀಲಿ."

ಹೆಂಗಸು ಕೂಗಿದ ಪದ್ಧತಿ ಇರಲಿಲ್ಲ. ಆದರೆ ಬೇಡ ಎನ್ನುವ ಧೈರ್ಯ ಯಾರಿಗೂ ಇರಲಿಲ್ಲ. ವೈನಿ ಕೂಸನ್ನು ಎದೆಗವಚಿಕೊಂಡು ಮೊಣಕಾಲು ನೀರಿಗಿಳಿದಳು, ಗಿಡ ತೇಲಿಬಿಟ್ಟ ಅದೇ ಜಾಗ. ಒಮ್ಮೆ, ಒಂದೇ ಒಮ್ಮೆ ಕೂಗಿದಳು.

"ಚನ್ನವ್ವಾ..."

ಕೂಗು ಹೋಯಿತು. ಮಂಜು ಅಲುಗಿದ ಹಾಗಾಯಿತು. ಆ ಸ್ವಲ್ಪ ಹೊತ್ತು ನನ್ನ ಜೀವಮಾನದಲ್ಲೇ ಎಲ್ಲಕ್ಕಿಂತ ದೊಡ್ಡದು. ಆಮೇಲೆ ಗೋಡೆಯಿಂದ ಬಂತು, "ಚನ್ನವ್ವಾ..."

ಊರು ಒಮ್ಮೆಲೇ ಹೋ ಎನ್ನಲು ಬಾಯಿ ತೆರೆಯಿತು. ಮುತ್ಯಾ ಕೈ ಎತ್ತಿ ತಡೆದ. ಯಾಕೆಂದರೆ ಗೋಡೆ ಇನ್ನೂ ಮುಗಿಸಿರಲಿಲ್ಲ. "ಚನ್ನವ್ವಾ" ಎಂದು ಮತ್ತೊಮ್ಮೆ ಬಂತು, ಮೊದಲಿನದಕ್ಕಿಂತ ತೆಳ್ಳಗೆ. ಇನ್ನೂ ಸ್ವಲ್ಪ ಹೊತ್ತಿಗೆ ಮತ್ತೊಮ್ಮೆ ಬಂತು, ಎಷ್ಟು ತೆಳ್ಳಗೆ ಎಂದರೆ, ತೊದಲು ಮಾತಾಡುವ ಕೂಸು ಕಲಿಯಲು ನೋಡಿದ ಹಾಗೆ. ಆಮೇಲೆ ನೀರು ಸುಮ್ಮನಾಯಿತು.

ನಮ್ಮ ಕೆರೆ ಒಂದಕ್ಕೆ ಒಂದೇ ಹೇಳುವ ಕೆರೆ. ಮುತ್ಯಾನ ಮುತ್ಯಾನ ಕಾಲದಿಂದ ಹಾಗೇ. ಮೌಲಾಬಿ ತಲೆಯ ಮೇಲೆ ಸೆರಗು ಎಳೆದುಕೊಂಡಳು. ಎಲ್ಲರ ಕಣ್ಣೂ ಏರಿಯ ಹಿಂದಿನ ಎಕ್ಕೆಗಿಡದ ಕಡೆಗೆ ಹೋಗಿ ಬಂದವು.

ವೈನಿ ನೀರಿನಲ್ಲಿಯೇ ಕೂತುಬಿಟ್ಟಳು. ಅಣ್ಣ ಓಡಿ ಹೋಗಿ ಹಿಡಿದುಕೊಂಡ. ಅವಳು ಅಳುತ್ತಿದ್ದಳೋ ನಗುತ್ತಿದ್ದಳೋ ನನಗೆ ಗೊತ್ತಾಗಲಿಲ್ಲ.

"ಇರ್ಲಿ ಬಿಡ್ರಿ" ಎಂದಳು. "ಅವಕ್ಕೂ ಅದಽ ಹೆಸರ ಇರ್ಲಿ."

ದಂಡೆಯ ಬಣವೆಗಳಿಗೂ ನೀರಿನ ಸಂದಿಗೂ ದನಿ ಅಲ್ಲಲ್ಲಿ ಬಡಿದು ಹಾಗಾಯಿತು ಎಂದು ಅಣ್ಣ ಆಮೇಲೆ ಹೇಳಿದ. ಹೇಳಿದವನೇ ಮರುದಿನ ಬೆಳಿಗ್ಗೆ ಒಬ್ಬನೇ ಹೋಗಿ, ಅದೇ ಜಾಗದಲ್ಲಿ ನಿಂತು ಗಂಟಲು ಬೀಳುವ ತನಕ ಕೂಗಿ ನೋಡಿದ. ಬಣವೆ ಅಲ್ಲೇ ಇದ್ದವು, ಮಂಜೂ ಇತ್ತು. ಒಂದಕ್ಕೆ ಒಂದೇ ಬಂತು. ಮನೆಗೆ ಬಂದು ಸುಮ್ಮನೆ ಚಹಾ ಕುಡಿದ, ಆ ಮಾತನ್ನು ಮತ್ತೆ ತೆಗೆಯಲಿಲ್ಲ.

ಜ್ವರ ಇಳಿಯಿತು. ದವಾಖಾನೆಯ ಔಷಧದಿಂದಲೋ ಹೆಸರಿನಿಂದಲೋ ಎಂದು ನನ್ನನ್ನು ಕೇಳಬೇಡಿ, ಆ ದಿನ ಬರಬೇಕಾದ ನಡುಕ ಬರಲಿಲ್ಲ ಅಷ್ಟೇ. ಹಸಿರು ಮಾತ್ರ ಪೂರ್ತಿ ಸಾಯಲಿಲ್ಲ. ಪ್ರತಿ ಮಳೆಗಾಲಕ್ಕೂ ಮೂಲೆಯಿಂದ ತೆವಳಿ ಬರುವುದು, ಪ್ರತಿ ವರ್ಷವೂ ಊರು ಇಳಿದು ಆ ನೀರಿನ ದಾರಿ ಬಿಡಿಸುವುದು. ಅದಕ್ಕೆ 'ಹೆಸರಿನ ಹಾದಿ' ಎನ್ನುತ್ತಿದ್ದರು. ನಾನು ಗಂಡನ ಮನೆಗೆ ಹೋದ ಮೇಲೂ ಕೆಲವು ವರ್ಷ ನಡೆಯಿತು. ಆಮೇಲೆ ಯಾವಾಗ ನಿಂತಿತೋ, ಯಾರೂ ನನಗೆ ಹೇಳಲಿಲ್ಲ. ಹೆಸರುಗಳನ್ನು ಈಗ ದವಾಖಾನೆಯಲ್ಲೇ ಬರೆಸಿಕೊಂಡು ಬರುತ್ತಾರೆ.

ಚನ್ನವ್ವ ಬೆಳೆದಳು. ಒಳ್ಳೆಯ ಚುರುಕು ಹುಡುಗಿ, ಆದರೆ ಅವಳಿಗೂ ಒಂದು ಚಾಳಿ. ಹೆಸರು ಹಿಡಿದು ಕರೆದರೆ ಒಂದಕ್ಕೆ ಓ ಎನ್ನುತ್ತಿರಲಿಲ್ಲ, ಎರಡಕ್ಕೂ ಓ ಎನ್ನುತ್ತಿರಲಿಲ್ಲ. ಮೂರಕ್ಕೆ ತಿರುಗುವಳು. ಕೆಪ್ಪಿ ಎಂದರು, ಸೊಕ್ಕಿನವಳು ಎಂದರು, ಸಾಲಿಯಲ್ಲಿ ಅವರಪ್ಪನೇ ಕಿವಿ ಹಿಂಡಿದ. "ಯಾಕಽ ಮೊದಲಽ ಓ ಅನ್ನೂದಿಲ್ಲ?" ಎಂದು ನಾನೂ ಬೈದಿದ್ದೆ. "ಮೊದಲಿಂದು ನನಗ ಅಲ್ಲ ಅನಸತೈತಿ ಅತ್ತಿ" ಎಂದಿತ್ತು ಆ ಹುಡುಗಿ. ನಾವು ಯಾರೂ ಅವಳಿಗೆ ಏನನ್ನೂ ಹೇಳಿರಲಿಲ್ಲ.

ವೈನಿ ಮಾತ್ರ ಒಂದು ದಿನವೂ ಬೈಯಲಿಲ್ಲ. ನಾನು ತವರಿಗೆ ಹೋದಾಗಲೆಲ್ಲ ನೋಡುತ್ತಿದ್ದೆ. ಹೊತ್ತು ಮುಳುಗುವ ಮೊದಲು, ರೊಟ್ಟಿ ಬಡಿದು ಕೈ ತೊಳೆದುಕೊಂಡು, ಏರಿಯ ಕಡೆ ಮುಖ ಮಾಡಿ ಬಾಗಿಲಲ್ಲಿ ನಿಲ್ಲುವಳು. ಒಮ್ಮೆ ಮೆಲ್ಲಗೆ ಕರೆಯುವಳು. ತುಸು ತಡೆದು ಇನ್ನೊಮ್ಮೆ, ಅಷ್ಟೇ ಮೆಲ್ಲಗೆ. ಆಮೇಲೆ ಗಟ್ಟಿಯಾಗಿ, "ಚನ್ನವ್ವಾ, ಉಣ್ಣಾಕ ಬಾ!" ಚನ್ನವ್ವ ಧೂಳು ಎಬ್ಬಿಸುತ್ತ ಓಡಿ ಬರುವಳು. ವೈನಿ ಹೊಸ್ತಿಲಿನಿಂದ ಸರಿದು ದಾರಿ ಬಿಡುವಳು. ಬರುವವಳು ಒಬ್ಬಳೇ ಆದರೂ, ಮೂವರು ಒಳಗೆ ಹೋಗುವಷ್ಟು ಹೊತ್ತು ಅವಳು ಹಾಗೇ ಬಾಗಿಲು ಹಿಡಿದು ನಿಂತಿರುತ್ತಿದ್ದಳು.